ಮೊದಲ ಬೇಸಿಗೆ, ಒಂದು ಮಲ್ಲಿಗೆ ಗಿಡ

ಶಿವರಾತ್ರಿಗೆ ಚಳಿ ಶಿವಶಿವ ಎನ್ನುತ್ತಾ ಹೋಗುತ್ತದೆ ಎಂಬ ಮಾತು ನಮ್ಮಲ್ಲಿದೆ. ಅದು ಹೋದದ್ದೇ ತಡ, ನಮ್ಮೂರು ಆನೆಗೊಂದಿಯ ಬಂಡೆಗಳು ಕಾಯತೊಡಗುತ್ತವೆ. ಹೂದೋಟ ಮಾಡಬೇಕೆಂಬ ಆಸೆ ನಿಮಗೆ ಈಗ ಹುಟ್ಟಿದ್ದರೆ, "ಮಳೆ ಬರಲಿ, ತಡೆಯಿರಿ" ಎಂದು ಯಾರಾದರೂ ಹೇಳಿಯೇ ಇರುತ್ತಾರೆ. ಸಾಲುಸಾಲಾಗಿ ಸಸಿ ನೆಡುವವರಿಗೆ ಆ ಮಾತು ಸರಿ. ಆದರೆ ಹೂವಿನ ಒಡನಾಟ ಕಲಿಯಲು ಬಂದವರಿಗೆ ಫಾಲ್ಗುಣ, ಚೈತ್ರಗಳಿಗಿಂತ ಒಳ್ಳೆಯ ಕಾಲ ನಾನು ಕಂಡಿಲ್ಲ. ಸೇವಂತಿಗೆಯ ಸಂಭ್ರಮ ಮುಗಿದು ಅಂಗಳ ಬರಿದಾಗಿ ಕಾಣುವ ಈ ದಿನಗಳಲ್ಲೇ ದುಂಡು ಮಲ್ಲಿಗೆ ಮೊಗ್ಗು ಹಿಡಿಯುತ್ತದೆ. ಆದ್ದರಿಂದ ಇಡೀ ತೋಟದ ಚಿಂತೆ ಸದ್ಯಕ್ಕೆ ಬಿಡಿ. ನರ್ಸರಿಯಿಂದ ಚೆನ್ನಾಗಿ ಬೇರೂರಿದ ಒಂದು ಮಲ್ಲಿಗೆ ಗಿಡ ತನ್ನಿ. ಸಾಧಾರಣ ಮಣ್ಣಿನ ಕುಂಡವೇ ಸಾಕು.

ಮೊದಲು ಜಾಗ ನೋಡೋಣ. ಮಲ್ಲಿಗೆಗೆ ಬಿಸಿಲು ಬೇಕು. ನೆರಳಿನಲ್ಲಿ ಎಲೆ ಹೆಚ್ಚು, ಹೂ ಕಡಿಮೆ. ಆದರೆ ನಮ್ಮೂರಿನಲ್ಲಿ ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ. ಹಗಲೆಲ್ಲ ಕಾದ ಬಂಡೆ, ಚಪ್ಪಡಿಗಳು ರಾತ್ರಿಯಲ್ಲೂ ಶಾಖ ಬಿಡುತ್ತಿರುತ್ತವೆ. ಕುಂಡವನ್ನು ಬರಿಗಲ್ಲಿನ ಮೇಲೆ ಇಟ್ಟರೆ ಬೇರು ಬೇಯುತ್ತದೆ. ಅಡಿಗೆ ಎರಡು ಇಟ್ಟಿಗೆ ಕೊಡಿ, ಗಾಳಿ ಆಡಲಿ. ಬೆಳಗಿನ ಬಿಸಿಲು ಪೂರ್ತಿ ಬಿದ್ದು, ಮಧ್ಯಾಹ್ನದ ನಂತರ ತುಸು ಮರೆಯಾಗುವ ಕಡೆ ಉತ್ತಮ.

ಇನ್ನು ನೀರು. ನೆಲದಲ್ಲಿ ಗಿಡವಿದ್ದರೆ ಅದರ ಸುತ್ತ ಪಾತಿ ಮಾಡಿ. ಪಾತಿ ಎಂದರೆ ನೀರು ಹರಿದುಹೋಗದಂತೆ ಮಣ್ಣಿನ ಏರಿ ಕಟ್ಟಿದ ತಗ್ಗು. ಅದರ ಮೇಲೆ ಒಣ ಬಾಳೆಎಲೆ ಹಾಸಿ. ತೇವ ಬೇಗ ಆರುವುದಿಲ್ಲ. ಇದರ ಹೆಸರು ಹೊದಿಕೆ. ಬಾಳೆತೋಟಗಳ ಈ ಊರಿನಲ್ಲಿ ಒಣ ಎಲೆಗೆ ಕೊರತೆಯಿಲ್ಲ. ನೀರು ಹಾಕುವ ಮುನ್ನ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ. ಒಳಗೆ ತಂಪಿದ್ದರೆ ಇವತ್ತಿಗೆ ನೀರು ಬೇಡ. ನನ್ನ ಮೊದಲ ಬೇಸಿಗೆಯಲ್ಲಿ ನಡುಹಗಲು ಎಲೆ ಜೋತದ್ದನ್ನು ಕಂಡಾಗಲೆಲ್ಲ ಕೊಡ ಎತ್ತಿದೆ; ಬೇರು ಕೊಳೆತು ಗಿಡ ಹೋಯಿತು. ಬಿಸಿಲಿಗೆ ಜೋತ ಎಲೆ ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ ಎಂಬುದು ಆಗ ತಿಳಿದಿರಲಿಲ್ಲ. ಬೆಳಗಾದರೂ ಏಳದಿದ್ದರೆ ಮಾತ್ರ ಗಾಬರಿಯಾಗಿ.

ಕತ್ತರಿಯ ವಿಷಯ ಹೊಸಬರಿಗೆ ಭಯ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಅದಕ್ಕೇ ಚಳಿಗಾಲದಲ್ಲಿ ಗಿಡ ಸವರುತ್ತಾರೆ, ಅಂದರೆ ಹಳೆಯ ರೆಂಬೆಗಳನ್ನು ಕತ್ತರಿಸಿ ಮೋಟು ಮಾಡುತ್ತಾರೆ. ಈಗ ನೀವು ಮಾಡಬೇಕಾದದ್ದು ಕಡಿಮೆ: ಒಂದು ಗೊಂಚಲು ಮುಗಿದ ಮೇಲೆ ಆ ತುದಿಯನ್ನು ಚಿವುಟಿ. ಕೆಳಗಿನ ಎಲೆಗಳ ಕಂಕುಳಿನಿಂದ ಎರಡು ಚಿಗುರು ಹೊರಡುತ್ತವೆ.

ಈ ನೆಲಕ್ಕೆ ಹೂವಿನ ಹುಚ್ಚು ಹಳೆಯದು. ಪರ್ಷಿಯಾದ ರಾಯಭಾರಿ ಅಬ್ದುರ್ ರಝಾಕ್ 1443ರಲ್ಲಿ ಹೊಳೆಯಾಚೆಯ ವಿಜಯನಗರಕ್ಕೆ ಬಂದಾಗ, ಇಲ್ಲಿನ ಜನಕ್ಕೆ ಗುಲಾಬಿ ಅನ್ನದಷ್ಟೇ ಅಗತ್ಯ ಎಂದು ಬೆರಗಿನಿಂದ ಬರೆದಿಟ್ಟ. ಹಂಪಿಯ ವಿರೂಪಾಕ್ಷನಿಗೆ ಹೂ ಹೋಗುತ್ತಿದ್ದುದರಿಂದಲೇ ಹೂವಿನ ಹಡಗಲಿಗೆ ಆ ಹೆಸರು ಬಂತೆಂದು ಜನ ಹೇಳುತ್ತಾರೆ. ಇಂದು ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿ ಮಾನ್ಯತೆಯೂ ಇದೆ; ಆ ಊರಿನ ಹೆಸರಿನಲ್ಲಿ ಬೇರೆ ಕಡೆಯ ಮಲ್ಲಿಗೆ ಮಾರಾಟವಾಗದಂತೆ ಕಾನೂನು ಕೊಡುವ ರಕ್ಷಣೆ ಅದು.

ಈಗ ನಿಮ್ಮ ಗಿಡದ ಹತ್ತಿರ ಬನ್ನಿ, ಕೂತು ನೋಡಿ. ಎಳೆಯ ಮೊಗ್ಗು ಜೋಳದ ಕಾಳಿಗಿಂತ ತುಸು ದೊಡ್ಡದು, ಹಸಿರು. ದಿನ ಕಳೆದಂತೆ ಉಬ್ಬಿ ಬೆಳ್ಳಗಾಗುತ್ತದೆ. ತೊಟ್ಟಿನ ಕಡೆಯೂ ಹಸಿರು ಮಾಸಿ, ಮುಟ್ಟಿದರೆ ಬಿಗಿಯಾಗಿ, ತುದಿ ಇನ್ನೂ ಮುಚ್ಚಿಕೊಂಡೇ ಇದ್ದರೆ ಅದು ಇಂದು ಸಂಜೆಯ ಮೊಗ್ಗು. ಪಕ್ಕದ್ದರಲ್ಲಿ ಹಸಿರು ಛಾಯೆ ಉಳಿದಿದ್ದರೆ ಅದು ನಾಳೆಗೋ ನಾಡಿದ್ದಿಗೋ. ಈ ಎರಡರ ವ್ಯತ್ಯಾಸ ಕಣ್ಣಿಗೆ ಹತ್ತಲು ಒಂದು ವಾರ ಬೇಕು. ಆ ವಾರದ ಸುಖವನ್ನು ದಯವಿಟ್ಟು ಅವಸರದಲ್ಲಿ ಕಳೆದುಕೊಳ್ಳಬೇಡಿ. ಸಂಜೆಗೆ ಅರಳುವ ಮೊಗ್ಗುಗಳನ್ನು ಬೆಳಗಿನ ತಂಪಿನಲ್ಲೇ ತೊಟ್ಟಿನ ಸಮೇತ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಿ.

ಕಟ್ಟಲು ದಾರಕ್ಕಿಂತ ಬಾಳೆನಾರು ಲೇಸು. ಒಣಗಿದ ಬಾಳೆಪಟ್ಟೆಯನ್ನು ನೀರಿನಲ್ಲಿ ನೆನೆಸಿ ಉದ್ದಕ್ಕೆ ಸೀಳಿದರೆ ನಾರು ಸಿಗುತ್ತದೆ. ಅದು ತೇವ ಹಿಡಿದಿಡುತ್ತದೆ, ಎಳೆಯ ತೊಟ್ಟನ್ನು ಕೊಯ್ಯುವುದಿಲ್ಲ. ಎರಡು ಮೊಗ್ಗು ಈ ಕಡೆಗೆ, ಎರಡು ಆ ಕಡೆಗೆ ಮುಖ ಮಾಡಿಸಿ ತೊಟ್ಟುಗಳನ್ನು ಕೂಡಿಸಿ, ನಾರಿನ ಕುಣಿಕೆ ಹಾಕಿ ಮೆಲ್ಲಗೆ ಎಳೆಯಿರಿ. ಮೊದಲ ದಿನ ಅರ್ಧ ಮೊಗ್ಗು ಜಾರಿ ಮಡಿಲಿಗೆ ಬೀಳುತ್ತವೆ. ಒಂದು ಮೊಳ, ಅಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಅಳತೆ, ಆಗುವಷ್ಟು ಹೂ ಒಂದೇ ಗಿಡದಲ್ಲಿ ಒಂದೇ ದಿನ ಸಿಗಲಾರದು. ಸಿಕ್ಕಷ್ಟನ್ನೇ ಕಟ್ಟಿ.

ಎರಡು ಮೊಗ್ಗನ್ನು ಮಾತ್ರ ಗಿಡದಲ್ಲೇ ಬಿಟ್ಟಿರಿ. ಹೊತ್ತು ಮುಳುಗಿ ಮನೆಯಲ್ಲಿ ದೀಪ ಹಚ್ಚುವಾಗ ಹೊರಗೆ ಬಂದು ಕುಂಡದ ಪಕ್ಕ ಕೂಡಿ. ಕಲ್ಲು ಇನ್ನೂ ಬೆಚ್ಚಗಿರುತ್ತದೆ. ಮೊಗ್ಗಿನ ತುದಿ ಮೊದಲು ಸಣ್ಣಗೆ ಬಾಯಿ ಬಿಡುತ್ತದೆ. ಎಸಳು ಬಿಚ್ಚಿದ್ದು ಕತ್ತಲಲ್ಲಿ ಕಾಣುವ ಮೊದಲೇ ವಾಸನೆ ನಿಮ್ಮನ್ನು ಮುಟ್ಟುತ್ತದೆ.