ಓದಿದ್ದು ತಲೆಯಲ್ಲಿ ನಿಲ್ಲಬೇಕಾದರೆ

ಪುಣೆ ಕೊಥ್ರೂಡಿನ ಸೋದರಿ, ನಾಲ್ಕು ಸಲ ಓದಿದರೂ ಮಗ ಪರೀಕ್ಷೆಯಲ್ಲಿ ತಡವರಿಸುತ್ತಾನೆ ಎಂದಿದ್ದೀರಿ. ಅವನು ದಡ್ಡನಲ್ಲ, ಓದುವ ಕ್ರಮ ಬದಲಾಗಬೇಕು. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್, ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ, ಪಾಠವನ್ನು ಮತ್ತೆ ಓದಿದವರೇ ಮುಂದಿದ್ದರು. ಆದರೆ ವಾರ ಕಳೆದಾಗ ಅವರಿಗೆ ನೆನಪಿದ್ದದ್ದು ಶೇ 42ರಷ್ಟು. ನೋಡದೆ ನೆನಪಿನಿಂದ ಬರೆದವರಿಗೆ ಶೇ 56ರಷ್ಟು. ಹಾಗಾಗಿ ಮಗ ಒಮ್ಮೆ ಓದಿದ ಮೇಲೆ ಪುಸ್ತಕ ಮುಚ್ಚಿ ನಿಮಗೆ ಕನ್ನಡದಲ್ಲೇ ಪಾಠ ಹೇಳಲಿ. ತಪ್ಪಿದರೆ ಗದರಬೇಡಿ, ಪುಟ ತೆರೆದು ತಿದ್ದಿಕೊಳ್ಳಲಿ. ಎರಡು ದಿನ ಬಿಟ್ಟು ಮತ್ತೆ ಕೇಳಿ.

ರೇಖಾಗಣಿತಕ್ಕೆ, ನಿಮ್ಮೂರಿನ ಆಯುಕಾ ವಿಜ್ಞಾನ ಕೇಂದ್ರದಲ್ಲಿದ್ದ ಅರವಿಂದ ಗುಪ್ತ ಅವರ ದಾರಿ ಹಿಡಿಯಿರಿ: ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸಿ ಆಕಾರ ಮಾಡಲಿ. ಚೌಕ ಒತ್ತಿದರೆ ವಾಲುತ್ತದೆ, ತ್ರಿಕೋನ ಜಗ್ಗುವುದಿಲ್ಲ. ಅದನ್ನು ಅವನ ಬೆರಳೇ ಕಂಡುಕೊಳ್ಳಲಿ. ಟ್ಯೂಷನ್ ಈಗಲೇ ಬೇಡ. ತಿಂಗಳು ಹೀಗೆ ನಡೆಸಿ, ನನಗೆ ಮತ್ತೆ ಬರೆಯಿರಿ.