ಅಮ್ಮನ ಕೇಸ್ ಶೀಟ್ ಕೇಳಿದರೆ ಡಾಕ್ಟರು ಬೇಸರ ಮಾಡಿಕೊಂಡಾರೇ?

ಪ್ರಶ್ನೆ: ಎದೆಯಲ್ಲಿ ಗಂಟು ಕಾಣಿಸಿ ಅಮ್ಮನಿಗೆ ನಮ್ಮೂರಿನ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆಯಿತು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಒಮ್ಮೆ ತೋರಿಸೋಣ ಅಂದುಕೊಂಡಿದ್ದೇವೆ. ಕೈಲಿರುವುದು ಡಿಸ್ಚಾರ್ಜ್ ಸಮ್ಮರಿ ಮಾತ್ರ. ಉಳಿದದ್ದು ಕೇಳಿದರೆ ‘ಕೇಸ್ ಶೀಟ್ ಆಸ್ಪತ್ರೆಯದ್ದು, ಕೊಡೋಕಾಗಲ್ಲ’ ಅನ್ನುತ್ತಾರೆ. ಜೋರು ಮಾಡಲು ಅಳುಕು.
—ಓದುಗರು, ಹಾಸನ

ಉತ್ತರ: ತಂಗೀ, ಅಮ್ಮನನ್ನು ನಾಳೆ ಮತ್ತೆ ಅದೇ ಡಾಕ್ಟರ ಹತ್ತಿರ ಕರೆದೊಯ್ಯಬೇಕಾದೀತು ಎಂಬ ಅಳುಕು ಸಹಜವೇ. ಆದರೆ ಇನ್ನೊಬ್ಬರಿಗೆ ತೋರಿಸುವವರು ದಿನವೂ ಇರುತ್ತಾರೆ. ಅನುಭವಸ್ಥ ಡಾಕ್ಟರಿಗೆ ಇದು ಹೊಸದೇನಲ್ಲ. ಮೂಲ ಕೇಸ್ ಶೀಟ್ ಅವರಲ್ಲೇ ಇರಲಿ, ನಿಮಗೆ ಬೇಕಿರುವುದು ಅದರ ಪ್ರತಿ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ರೋಗಿ, ಇಲ್ಲವೇ ರೋಗಿ ಒಪ್ಪಿಗೆ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೌಂಟರಿನವರಿಗೆ ಇದು ಗೊತ್ತಿರದೇ ಇರಬಹುದು. ಅವರ ಜೊತೆ ವಾದಕ್ಕೆ ನಿಲ್ಲಬೇಡಿ.

ಬಾಯಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತದೆ, ಬರೆದು ಕೊಡಿ. ಒಂದು ಪುಟ ಸಾಕು: ಅಮ್ಮನ ಹೆಸರು, ಐಪಿ ನಂಬರು, ಸೇರಿದ ಮತ್ತು ಮನೆಗೆ ಕಳಿಸಿದ ತಾರೀಕು, ಬೇಕಾದ ಕಾಗದಗಳು. ಮಗಳ ಕೈಗೆ ಕೊಡಬಹುದೆಂದು ಬರೆದು ಅಮ್ಮನೇ ಸಹಿ ಹಾಕಲಿ. ನಿಮ್ಮಲ್ಲಿ ಉಳಿಯುವ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಗಡುವು ಲೆಕ್ಕ ಹಾಕಲು ಅದೇ ಆಧಾರ. ಜೆರಾಕ್ಸಿನ ದುಡ್ಡು ಕೇಳಿದರೆ ಕೊಟ್ಟು ರಸೀದಿ ತೆಗೆದುಕೊಳ್ಳಿ.

ನಿಮ್ಮ ವಿಷಯದಲ್ಲಿ ಕೇಸ್ ಶೀಟಿಗಿಂತ ಮುಖ್ಯವಾದದ್ದು ಬಯಾಪ್ಸಿಯ ಸ್ಲೈಡು ಮತ್ತು ಬ್ಲಾಕು. ಬಹಳ ಜನ ಇವನ್ನು ಕೇಳುವುದೇ ಇಲ್ಲವಲ್ಲ ಎಂಬುದು ನನ್ನ ಸಂಕಟ. ತೆಗೆದ ಗಂಟಿನ ಚೂರನ್ನು ಮೇಣದಲ್ಲಿ ಹುದುಗಿಸಿ, ನಂಬರು ಹಾಕಿಟ್ಟಿರುತ್ತಾರೆ. ಅದೇ ಬ್ಲಾಕು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಗಂಟು ಕ್ಯಾನ್ಸರ್ ಹೌದೋ ಅಲ್ಲವೋ, ಹೌದಾದರೆ ಹಾರ್ಮೋನಿನ ಮಾತ್ರೆ ನಾಟೀತೋ ಇಲ್ಲವೋ ಎಂದು ಮತ್ತೊಮ್ಮೆ ಪರೀಕ್ಷಿಸಲು ಆ ಚೂರೇ ಬೇಕು. ಪರೀಕ್ಷೆ ನಡೆದ ಲ್ಯಾಬಿನಲ್ಲಿ ವಿಚಾರಿಸಿ, ಸಾಮಾನ್ಯವಾಗಿ ಸಹಿ ಹಾಕಿಸಿಕೊಂಡು ಕೊಡುತ್ತಾರೆ. ತರುವಾಗ ಬಿಸಿಲಿಗೆ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ. ಸ್ಕ್ಯಾನಿನದು ಬರೀ ವರದಿ ಸಾಲದು, ಫಿಲ್ಮ್ ಅಥವಾ ಸಿಡಿಯೂ ಬೇಕು.

ಗಡುವು ಮೀರಿದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಇಲ್ಲವೇ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಅಲ್ಲಿ ಕೆಲಸಕ್ಕೆ ಬರುವುದು ಆ ಸೀಲು ಬಿದ್ದ ಪ್ರತಿಯೇ. ಒಳರೋಗಿಗಳ ದಾಖಲೆಯನ್ನು ಅವರು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟಿರಲೇಬೇಕು, ಆದ್ದರಿಂದ ದೂರನ್ನು ನಾಳೆಯೇ ಕೊಡಬೇಕೆಂಬ ಅವಸರವಿಲ್ಲ. ಅವಸರ ಇರುವುದು ಅಮ್ಮನ ಚಿಕಿತ್ಸೆಗೆ. ಕಾಗದ ಪೂರ್ತಿ ಸಿಗಲೆಂದು ಕಾಯುತ್ತ ಕೂರಬೇಡಿ. ಸಿಕ್ಕಷ್ಟು ಹಿಡಿದು ಈ ವಾರವೇ ಕಿದ್ವಾಯಿಗೆ ಹೊರಡಿ.