ಮೊದಲ ದುಡ್ಡು ಮುಂದಿನ ಟೈರಿಗೆ

ಚೈನ್ ಇಲ್ಲದೆ ಡೌನ್‌ಹಿಲ್ ಸೈಕಲ್ ರೇಸ್ ಗೆಲ್ಲಬಹುದು, ಟೈರ್ ಇಲ್ಲದೆ ಆಗುವುದಿಲ್ಲ. ಎರಡನ್ನೂ ಒಬ್ಬರೇ ಸವಾರರು ಒಂದೇ ಬೆಟ್ಟದ ಮೇಲೆ ತೋರಿಸಿಕೊಟ್ಟಿದ್ದಾರೆ. ಆಸ್ಟ್ರಿಯಾದ ಲಿಯೋಗಾಂಗ್‌ನಲ್ಲಿ ನಡೆದ 2014ರ ವಿಶ್ವಕಪ್ ಸುತ್ತಿನಲ್ಲಿ ಅಮೆರಿಕದ ಆರನ್ ಗ್ವಿನ್ ಅವರ ಟೈರ್ ಪಂಕ್ಚರ್ ಆಗಿ ರಿಮ್ಮಿನಿಂದ ಕಳಚಿಕೊಂಡಿತು. ಬರೀ ರಿಮ್ಮಿನ ಮೇಲೆಯೇ ಅವರು ಕೆಳಗಿನವರೆಗೂ ಇಳಿದರು. ನೋಡುವವರ ಮೈ ಜುಮ್ಮೆನ್ನಿಸಿದ ಆ ಇಳಿತಕ್ಕೆ ಪದಕವೇನೂ ಬರಲಿಲ್ಲ. ಮರುವರ್ಷ ಅದೇ ಲಿಯೋಗಾಂಗ್‌ನಲ್ಲಿ ಹೊರಡುವ ಗೇಟು ದಾಟುತ್ತಲೇ ಚೈನ್ ತುಂಡಾಯಿತು. ಒಂದು ಪೆಡಲನ್ನೂ ತುಳಿಯಲಾಗದೆ ಇಳಿದ ಗ್ವಿನ್ ಅಂದು ಮೊದಲಿಗರಾಗಿ ಬಂದರು.

ಮೌಂಟನ್ ಬೈಕ್‌ಗೆ ಎಷ್ಟು ಖರ್ಚು ಮಾಡಲಿ ಎಂದು ಕೇಳುವವರಿಗೆಲ್ಲ ನಾನು ಹೇಳುವುದು ಈ ಕಥೆಯನ್ನು. ನಮ್ಮಲ್ಲಿ ಖರ್ಚಿನ ಕ್ರಮವೇ ತಿರುವುಮುರುವು. ಮೊದಲು ಫ್ರೇಮು, ಆಮೇಲೆ ಮುಂದಿನ ಫೋರ್ಕು, ಆಮೇಲೆ ಗೇರಿನ ಹಲ್ಲುಗಳ ಲೆಕ್ಕ. ಟೈರು ಸೈಕಲ್ ಜೊತೆ ಬಂದದ್ದೇ ಆಯಿತು. ಅಂಗಡಿಯಲ್ಲಿ ಸೈಕಲ್ ಎತ್ತಿ ನೋಡಿದವರಿಗೆ ಹಗುರ ಅನಿಸಬೇಕಲ್ಲ, ಹಾಗಾಗಿ ಜೊತೆಗೆ ಬರುವ ಟೈರ್ ಅನೇಕ ಸಲ ತೆಳುವಾದದ್ದೇ ಆಗಿರುತ್ತದೆ. ಡಾಂಬರು ರಸ್ತೆಗೆ, ತೋಟದ ಬಂಡಿದಾರಿಗೆ ಅದು ಸಾಕು. ಕಲ್ಲುಬಂಡೆಯ ಇಳಿಜಾರಿಗೆ ಸಾಲದು. ಈ ಆಟದ ಹುಟ್ಟನ್ನೇ ನೋಡಿ: ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಲ್ಲಿ ರಿಪ್ಯಾಕ್ ಎಂಬ ಇಳಿಜಾರಿನಲ್ಲಿ ಪಂದ್ಯ ಶುರು ಮಾಡಿದ ಹುಡುಗರ ಬಳಿ ಇದ್ದದ್ದು ಗುಜರಿಯಿಂದ ಎತ್ತಿಕೊಂಡು ಬಂದ ಹಳೇ ಶ್ವಿನ್ ಸೈಕಲ್‌ಗಳು. ಹೆಚ್ಚಿನವಕ್ಕೆ ಗೇರ್ ಇಲ್ಲ, ಸಸ್ಪೆನ್ಷನ್ ಇಲ್ಲ. ಹಿಂದಿನ ಹಬ್ಬಿನ ಬ್ರೇಕ್ ಕಾದು ಗ್ರೀಸ್ ಸುಟ್ಟು ಹೋಗುತ್ತಿತ್ತು, ಮತ್ತೆ ಮತ್ತೆ ತುಂಬಬೇಕಿತ್ತು. ಆದರೂ ಆ ಸೈಕಲ್‌ಗಳನ್ನೇ ಆರಿಸಿಕೊಂಡದ್ದು ಅವುಗಳ ದಪ್ಪ ಬಲೂನ್ ಟೈರಿನ ಆಸೆಗೆ. ಈ ಆಟ ಹುಟ್ಟಿದ್ದೇ ಟೈರಿನಿಂದ.

ಹೆಚ್ಚು ದುಡ್ಡು ಕೊಟ್ಟರೆ ಹೆಚ್ಚು ಹಿಡಿತವೂ ಸಿಗುತ್ತದೆ, ಹೆಚ್ಚು ದಿನ ಬಾಳಿಕೆಯೂ ಬರುತ್ತದೆ ಎಂದು ಕೊಳ್ಳುವವರು ನಂಬುತ್ತಾರೆ. ಬಟ್ಟೆಯಲ್ಲಿ, ಪಾತ್ರೆಯಲ್ಲಿ ಈ ನಂಬಿಕೆ ನಡೆದೀತು, ಟೈರಿನಲ್ಲಿ ನಡೆಯದು. ಶಾಲೆಯಲ್ಲಿ ಬಳಸಿದ ಮೆತ್ತನೆಯ ರಬ್ಬರ್ ನೆನಪಿಸಿಕೊಳ್ಳಿ: ಚೆನ್ನಾಗಿ ಅಳಿಸುವುದೇ ಬೇಗ ಸವೆದು ಹೋಗುತ್ತಿತ್ತು. ಟೈರಿನ ಗಡುಸುತನವನ್ನು ಶೋರ್ ಎ ಅಳತೆಯಲ್ಲಿ ಹೇಳುತ್ತಾರೆ, ಅಂಕಿ ಕಡಿಮೆಯಾದಷ್ಟೂ ರಬ್ಬರ್ ಮೆತ್ತಗೆ. ತೈವಾನಿನ ಮ್ಯಾಕ್ಸಿಸ್ ಕಂಪನಿಯ ಸೂಪರ್ ಟ್ಯಾಕಿ ರಬ್ಬರ್ 42ಎ, ಅದರ ಸಾಮಾನ್ಯ ರಬ್ಬರ್ 60ಎ. ಮೆತ್ತನೆಯದು ಕಲ್ಲಿಗೆ ಬಡಿದಾಗ ಪುಟಿಯುವುದಿಲ್ಲ. ಕಲ್ಲಿನ ಒರಟಿನೊಳಗೆ ಒತ್ತಿಕೊಂಡು ಕೂತು, ಸಾವಕಾಶವಾಗಿ ಹಿಂದಿರುಗುತ್ತದೆ. ಆ ನಿಧಾನವೇ ಹಿಡಿತ. ಪೆಡಲ್ ತುಳಿಯುವಾಗ ಅದೇ ನಿಧಾನ ಕಾಲೆಳೆಯುತ್ತದೆ, ಬಂಡೆಯ ಮೇಲೆ ಉಜ್ಜಿದಾಗ ಅದೇ ಮೆದುತನ ಪುಡಿಯಾಗಿ ಉದುರುತ್ತದೆ. ಹೀಗಾಗಿ ಹಿಡಿತ, ಬಾಳಿಕೆ ಎರಡನ್ನೂ ಒಂದೇ ಟೈರಿನಲ್ಲಿ ಹುಡುಕಬೇಡಿ. ಸೈಕಲ್ಲಿಗಿರುವುದು ಎರಡು ಚಕ್ರ, ಎರಡಕ್ಕೂ ಬೇರೆ ಬೇರೆ ಕೆಲಸ. ಹಿಡಿತವನ್ನು ಮುಂದಕ್ಕೆ ಕೊಳ್ಳಿ, ಬಾಳಿಕೆಯನ್ನು ಹಿಂದಕ್ಕೆ ಕೊಳ್ಳಿ.

ನನ್ನ ಸೈಕಲ್ ನೋಡಿಕೊಳ್ಳುವ ಬೆಂಗಳೂರಿನ ಹುಡುಗ ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾನೆ. "ಅಕ್ಕಾ, ಹಿಂದಿನ್ ಟೈರ್ ಜಾರಿದ್ರೆ ಸೈಕಲ್ ಜಾರುತ್ತೆ. ಮುಂದಿನ್ದು ಜಾರಿದ್ರೆ ನೀವ್ ಜಾರ್ತೀರ. ದುಡ್ಡು ಎಲ್ಲಿ ಹಾಕ್ಬೇಕು ಅಂತ ನೀವೇ ಹೇಳಿ."

ಅವನ ಮಾತಿನ ಹಿಂದೆ ಕಾರಣವಿದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಮೈಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ. ತಿರುಗಿಸುವುದೂ ಅದೇ, ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲೂ ಅದರದೇ. ಅದು ಒಮ್ಮೆ ಕೈಬಿಟ್ಟರೆ ಸಾವರಿಸಿಕೊಳ್ಳಲು ಸಮಯವಿಲ್ಲ. ಹಿಂದಿನದು ಅತ್ತಿತ್ತ ಜಾರಿದರೂ ಸೊಂಟ ತಿರುಗಿಸಿ ಸರಿಮಾಡಿಕೊಳ್ಳಬಹುದು. ಆದರೆ ಲಾಕ್ ಆಗಿ ಎಳೆದುಕೊಂಡು ಹೋಗುವುದು, ಕಲ್ಲಿನಂಚಿಗೆ ಧಡ್ ಎಂದು ಬಡಿಯುವುದು, ತುಳಿದಾಗ ನೆಲ ಕೆದರುವುದು, ಇವೆಲ್ಲ ಹಿಂದಿನ ಚಕ್ರದ ಪಾಡು. ಅದಕ್ಕೆ ಬೇಕಾದದ್ದು ತುಸು ಗಡುಸು ರಬ್ಬರ್, ದಪ್ಪ ಒಡಲು, ಅಂದರೆ ರಬ್ಬರಿನ ಅಡಿಯ ನೇಯ್ಗೆಯ ಪದರ.

ಇನ್ನು ಅಂಗಡಿಗೆ ಹೋಗೋಣ. ಟೈರ್ ಕೈಗೆ ಬಂದಾಗ ಎಲ್ಲರ ಕಣ್ಣೂ ಹೊರಮೈಯ ಉಬ್ಬು ಬಟನ್‌ಗಳ ಮೇಲೆ ಹೋಗುತ್ತದೆ. ನಾನು ಮೊದಲು ಓದುವುದು ಸೈಡ್‌ವಾಲ್ ಮೇಲಿನ ಬರಹವನ್ನು, ಬೆಲೆಯ ಗುಟ್ಟೆಲ್ಲ ಅಲ್ಲಿದೆ. ಒಂದೇ ಹೆಸರಿನ ಟೈರ್ ನಾಲ್ಕೈದು ಒಡಲಿನಲ್ಲಿ, ಎರಡು ಮೂರು ರಬ್ಬರಿನಲ್ಲಿ ಬರುತ್ತದೆ. ಮ್ಯಾಕ್ಸಿಸ್ ಮಿನಿಯನ್ ಎಂದಷ್ಟೇ ಕೇಳಿ ತಂದರೆ ಏನು ಬೇಕಾದರೂ ಸಿಗಬಹುದು. ಎಕ್ಸೋ ಎಂದಿದ್ದರೆ ಒಂದೇ ಪದರದ ಹಗುರ ಒಡಲು. ಡಬಲ್‌ಡೌನ್ ಎಂದಿದ್ದರೆ ಎರಡು ಪದರ, ಇಂಚಿಗೆ 120 ಎಳೆಗಳ ನೇಯ್ಗೆ. ಡಿಎಚ್ ಎಂದಿದ್ದರೆ ಎರಡು ಪದರ, ಇಂಚಿಗೆ 60 ದಪ್ಪ ಎಳೆ. ಎಳೆಯ ಸಂಖ್ಯೆ ಹೆಚ್ಚಾದರೆ ಒಳ್ಳೆಯದು ಎಂದು ಮಾರುವವರು ಹೇಳುವುದುಂಟು. ಇಳಿಜಾರಿನಲ್ಲಿ ಅದು ಹಾಗೇ ಇರಬೇಕೆಂದಿಲ್ಲ, ಕಮ್ಮಿ ಎಳೆಯ ದಪ್ಪ ನೇಯ್ಗೆಯೇ ಕಲ್ಲಿನ ಏಟು ತಡೆಯುತ್ತದೆ. 29 ಇಂಚಿನ ಚಕ್ರಕ್ಕೆ ಹಗುರ ಒಡಲಿನ ಟೈರ್ ಸುಮಾರು ಒಂದು ಕಿಲೋ ತೂಗಿದರೆ ಡಿಎಚ್ ಒಡಲಿನದು ಒಂದೂಕಾಲು ಕಿಲೋ ದಾಟುತ್ತದೆ. ಜರ್ಮನಿಯ ಶ್ವಾಲ್ಬೆ ಕಂಪನಿ ತನ್ನ ಆಡಿಕ್ಸ್ ರಬ್ಬರಿಗೆ ಬಣ್ಣದ ಗೆರೆ ಹಾಕಿ ಕೆಲಸ ಸುಲಭ ಮಾಡಿದೆ: ನೀಲಿ ಗೆರೆ ಇದ್ದರೆ ಬಾಳಿಕೆ ಹೆಚ್ಚು, ಕಿತ್ತಳೆ ಮೆತ್ತಗೆ, ನೇರಳೆ ಇನ್ನೂ ಮೆತ್ತಗೆ. ಮುಂದಕ್ಕೆ ಕಿತ್ತಳೆ ಅಥವಾ ನೇರಳೆ, ಹಿಂದಕ್ಕೆ ನೀಲಿ ಅಥವಾ ಕಿತ್ತಳೆ ಹಾಕಿಸಿಕೊಂಡವರು ನಷ್ಟಪಟ್ಟದ್ದನ್ನು ನಾನು ಕಂಡಿಲ್ಲ.

ಆಮೇಲೆ ಬಟನ್. ನಡುವಿನ ಬಟನ್ನನ್ನು ಹತ್ತಿರದಿಂದ ನೋಡಿದರೆ ಉರುಳುವ ಕಡೆಯ ಅಂಚು ಇಳಿಜಾರಾಗಿ, ಹಿಂದಿನ ಅಂಚು ಕಡಿದಾಗಿ ಕತ್ತರಿಸಿದಂತಿರುತ್ತದೆ. ಸಲೀಸಾಗಿ ಉರುಳಲು ಆ ಇಳಿಜಾರು, ಬ್ರೇಕಿಗೆ ಈ ಕಡಿದಾದ ಅಂಚು. ಬಾಣದ ಗುರುತು ನೋಡದೆ ಉಲ್ಟಾ ಹಾಕಿದರೆ ಎರಡೂ ಹೋಯಿತು. ಪಕ್ಕದ ಸಾಲು ತಿರುವಿಗೆ. ಮಿನಿಯನ್ ಡಿಎಚ್‌ಎಫ್ ಟೈರಿನಲ್ಲಿ ನಡು ಸಾಲಿಗೂ ಪಕ್ಕದ ಸಾಲಿಗೂ ನಡುವೆ ಬರಿದಾದ ಕಾಲುವೆ ಇದೆ. ಸೈಕಲ್ಲನ್ನು ಧೈರ್ಯವಾಗಿ ಮಲಗಿಸಿದವರಿಗೆ ಮಾತ್ರ ಪಕ್ಕದ ಸಾಲು ನೆಲ ಕಚ್ಚುತ್ತದೆ. ದಕ್ಷಿಣ ಆಫ್ರಿಕಾದ ದಿಗ್ಗಜ ಗ್ರೆಗ್ ಮಿನಾರ್ ಜೊತೆ ಸೇರಿ ಮ್ಯಾಕ್ಸಿಸ್ ಮಾಡಿದ ಅಸೆಗಾಯ್ ಟೈರಿನಲ್ಲಿ ಆ ಕಾಲುವೆಯನ್ನು ಇನ್ನಷ್ಟು ಬಟನ್‌ಗಳಿಂದ ತುಂಬಿದ್ದಾರೆ. ಉರುಳುವುದು ನಿಧಾನ, ಆದರೆ ಅರ್ಧ ವಾಲಿದಾಗಲೂ ಭರವಸೆ ಇರುತ್ತದೆ. ಕಲಿಯುವವರಿಗೆ, ವಾರಾಂತ್ಯದ ಸವಾರರಿಗೆ ಮುಂದಕ್ಕೆ ಅದೋ ಶ್ವಾಲ್ಬೆಯ ಮ್ಯಾಜಿಕ್ ಮೇರಿಯೋ ಇರಲಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನೆಲ ನೋಡದೆ ಟೈರ್ ಕೊಳ್ಳುವಂತಿಲ್ಲ. ಬೆಂಗಳೂರಿನ ಸುತ್ತ ತುರಹಳ್ಳಿಯಲ್ಲಾಗಲಿ ನಂದಿಯ ಕಡೆಯಾಗಲಿ ಗಟ್ಟಿ ಬಂಡೆ, ಅದರ ಮೇಲೆ ಉದುರಿದ ದಪ್ಪ ಮರಳು. ಈ ಬಂಡೆ ಉಪ್ಪುಕಾಗದದಂತೆ ರಬ್ಬರ್ ತಿನ್ನುತ್ತದೆ. ಜೊತೆಗೆ ಬಳ್ಳಾರಿ ಜಾಲಿ, ನೆಗ್ಗಿಲು ಮುಳ್ಳು. ಸಕಲೇಶಪುರ, ಮಡಿಕೇರಿಯ ತೋಟದ ಇಳಿಜಾರುಗಳಲ್ಲಿ ಮಳೆಗಾಲ ಬಂತೆಂದರೆ ಲೆಕ್ಕವೇ ಬೇರೆ. ಜೇಡಿ ಮಣ್ಣು ಬಟನ್‌ಗಳ ಸಂದಿಗೆ ತುಂಬಿಕೊಂಡರೆ ಎಷ್ಟು ದುಬಾರಿ ಟೈರೂ ಬೋಳು ಟೈರೇ. ಅಲ್ಲಿಗೆ ಉದ್ದುದ್ದ ಬಟನ್, ದೂರ ದೂರ ಸಾಲು ಬೇಕು. ಆದರೆ ಮಳೆಗಾಲಕ್ಕೆಂದೇ ಇನ್ನೊಂದು ಜೊತೆ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಪಂದ್ಯಕ್ಕೆ ಇಳಿಯದವರು ಮುಂದಿನದೊಂದನ್ನೇ ಕೆಸರಿಗೆ ಒಗ್ಗುವಂಥದ್ದು ಇಟ್ಟುಕೊಂಡರೆ ಸಾಕು. ಅದೂ ವರ್ಷದಲ್ಲಿ ಮೂರು ನಾಲ್ಕು ತಿಂಗಳಷ್ಟೇ ಸವೆಯುವುದರಿಂದ ಕೆಲವು ಮಳೆಗಾಲಕ್ಕೆ ಬರುತ್ತದೆ.

ಈಗ ನನ್ನ ಖಾತೆ ಪುಸ್ತಕದ ಲೆಕ್ಕ. ಬೆಲೆ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಹಾಗಾಗಿ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಮುಂದಿನ ಮೆತ್ತನೆಯ ಟೈರಿಗೆ 7,500 ರೂಪಾಯಿ, ವಾರಾಂತ್ಯದ ಸವಾರಿಗೆ ನನಗೆ ಒಂದೂಕಾಲು ವರ್ಷ ಬರುತ್ತದೆ, ತಿಂಗಳಿಗೆ 500 ಬಿತ್ತು. ಹಿಂದಿನ ದಪ್ಪ ಒಡಲಿನದು 6,000 ರೂಪಾಯಿ, ಎಂಟು ತಿಂಗಳು, ತಿಂಗಳಿಗೆ 750. ಒಟ್ಟು 1,250. ಇದರ ಪಕ್ಕದಲ್ಲಿ 1,800 ರೂಪಾಯಿಯ ಸಾದಾ ಬಟನ್ ಟೈರ್ ಇಟ್ಟು ನೋಡಿ. ಹಿಂದಕ್ಕೆ ಹಾಕಿದರೆ ನಾಲ್ಕು ತಿಂಗಳು, ತಿಂಗಳಿಗೆ 450. ಮುಂದಕ್ಕೆ ಹಾಕಿದರೆ ಒಂಬತ್ತು ತಿಂಗಳು, ತಿಂಗಳಿಗೆ 200. ಒಟ್ಟು 650, ಅರ್ಧಕ್ಕರ್ಧ ಉಳಿತಾಯ ಅನಿಸುತ್ತದೆ. ಆದರೆ ತೆಳು ಒಡಲಿನ ಟೈರ್ ಕಲ್ಲಿನ ಏಟನ್ನು ನೇರ ರಿಮ್ಮಿಗೆ ದಾಟಿಸುತ್ತದೆ. ವರ್ಷಕ್ಕೊಂದು ಹಿಂದಿನ ರಿಮ್ ಬಗ್ಗಿತು ಎಂದಿಟ್ಟುಕೊಳ್ಳಿ. ರಿಮ್, ಕಡ್ಡಿಗಳು, ಚಕ್ರ ಕಟ್ಟುವ ಕೂಲಿ ಸೇರಿ 6,000 ಎಂದರೂ ತಿಂಗಳಿಗೆ ಇನ್ನೂ 500 ಸೇರಿತು, 1,150 ಆಯಿತು. ಅಂದರೆ ಒಳ್ಳೆಯ ಜೋಡಿಗೂ ಅಗ್ಗದ ಜೋಡಿಗೂ ನಿಜವಾದ ಅಂತರ ತಿಂಗಳಿಗೆ ನೂರು ರೂಪಾಯಿ. ಮುಂದಿನ ಚಕ್ರದ ಹಿಡಿತಕ್ಕೆ ನಾನು ತೆರುವ ಬೆಲೆ ಆ ನೂರು.

ಬೀಳುವುದರ ಖರ್ಚನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಕೊರಳೆಲುಬು ಮುರಿದು ಪ್ಲೇಟ್ ಹಾಕಿಸಿದರೆ ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಲಕ್ಷ ದಾಟುವುದು ಸಾಮಾನ್ಯ. ವಿಮೆ ಇದೆಯಲ್ಲ ಎನ್ನುವವರು ಪಾಲಿಸಿ ತೆಗೆದು ಓದಬೇಕು. ವಿಮಾ ನಿಯಂತ್ರಕ ಐಆರ್‌ಡಿಎಐ ಆರೋಗ್ಯ ವಿಮೆಗೆ ಗೊತ್ತುಮಾಡಿರುವ ಏಕರೂಪದ ವಿನಾಯಿತಿಗಳಲ್ಲಿ 09 ಸಂಕೇತದ್ದು ಅಪಾಯಕಾರಿ ಮತ್ತು ಸಾಹಸ ಕ್ರೀಡೆಗಳದು. ವೃತ್ತಿಪರರಾಗಿ ಭಾಗವಹಿಸಿ ಆದ ಗಾಯದ ಚಿಕಿತ್ಸೆಗೆ ವಿಮಾ ಕಂಪನಿ ಹಣ ಕೊಡುವುದಿಲ್ಲ ಎನ್ನುತ್ತದೆ ಅದು. ಹವ್ಯಾಸಕ್ಕೆ ಓಡಿಸುವವರಿಗೆ ಆ ವೃತ್ತಿಪರ ಎಂಬ ಪದವೇ ಆಸರೆ. ಅಪಘಾತ ವಿಮೆಯ ಷರತ್ತುಗಳು ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಬಹುಮಾನದ ಹಣವಿರುವ ಪಂದ್ಯಕ್ಕೆ ಹೆಸರು ಕೊಡುವ ಮುನ್ನ ವಿಮಾ ಕಂಪನಿಗೆ ಇಮೇಲ್ ಬರೆದು ಉತ್ತರವನ್ನು ಲಿಖಿತವಾಗಿ ಪಡೆದು ಇಟ್ಟುಕೊಳ್ಳಿ.

ದುಡ್ಡು ಉಳಿಸುವ ಜಾಗಗಳೂ ಇವೆ. ಎಲ್ಲಕ್ಕಿಂತ ದೊಡ್ಡದು ಗಾಳಿ. ಸಾವಿರ ಚಿಲ್ಲರೆ ಕೊಟ್ಟು ಗಾಳಿಯ ಒತ್ತಡ ಅಳೆಯುವ ಒಂದು ಡಿಜಿಟಲ್ ಗೇಜ್ ಕೊಂಡರೆ ಟೈರಿನ ಆಯಸ್ಸೂ ಹಿಡಿತವೂ ಒಟ್ಟಿಗೆ ಹೆಚ್ಚುತ್ತವೆ. ಅಷ್ಟು ಕಡಿಮೆಗೆ ಅಷ್ಟು ಕೊಡುವ ಬೇರೆ ವಸ್ತು ಈ ಹವ್ಯಾಸದಲ್ಲಿ ನನಗೆ ಕಂಡಿಲ್ಲ. ಟ್ಯೂಬ್‌ಲೆಸ್ ಮಾಡಿಸಿ ಮುಂದಕ್ಕೆ 22, ಹಿಂದಕ್ಕೆ 25 ಪಿಎಸ್‌ಐ ಇಡುತ್ತೇನೆ. ಮೈತೂಕ ಹೆಚ್ಚಿದ್ದವರು ಒಂದೆರಡು ಏರಿಸಿಕೊಳ್ಳಬೇಕು. ತೂತು ಮುಚ್ಚಲೆಂದು ಒಳಗೆ ಹಾಕುವ ಸೀಲಂಟ್‌ಗಳಲ್ಲಿ ಹೆಚ್ಚಿನವು ರಬ್ಬರ್ ಹಾಲಿನವೇ, ಸುಳ್ಯ ಪುತ್ತೂರಿನ ತೋಟಗಳಲ್ಲಿ ಬಟ್ಟಲಿಗೆ ಇಳಿಯುತ್ತದಲ್ಲ, ಅದೇ ಜಾತಿಯದು. ನಮ್ಮ ಬೇಸಿಗೆಗೆ ಎರಡು ಮೂರು ತಿಂಗಳಲ್ಲಿ ಒಣಗಿ ಚರ್ಮಗಟ್ಟುತ್ತದೆ. ಚಕ್ರ ಅಲ್ಲಾಡಿಸಿದಾಗ ಒಳಗೆ ದ್ರವ ಕುಲುಕುವ ಸದ್ದು ಬರದಿದ್ದರೆ ಮತ್ತೆ ತುಂಬಿ. ಮುಳ್ಳಿನ ನಾಡಿನಲ್ಲಿ ಇದನ್ನು ಮರೆತರೆ ಹೊಸ ಟೈರೂ ಉಪಯೋಗಕ್ಕೆ ಬಾರದು.

ರಿಯಾಯಿತಿಯ ಹಳೇ ಸ್ಟಾಕ್ ಬಗ್ಗೆ ಎಚ್ಚರ. ಬಿಸಿಲು ಬೀಳುವ ಗಾಜಿನ ಪಕ್ಕ ವರ್ಷಗಟ್ಟಲೆ ನೇತುಬಿದ್ದ ಮೆತ್ತನೆಯ ರಬ್ಬರ್ ಗಡುಸಾಗಿರುತ್ತದೆ. ಬಟನ್ ಮೇಲೆ ಹೆಬ್ಬೆರಳ ಉಗುರು ಒತ್ತಿ ಹಿಡಿದು ಬಿಡಿ. ಗುಳಿ ಬಿದ್ದು ಮೆಲ್ಲಗೆ ಮೇಲೆದ್ದರೆ ಜೀವ ಇದೆ, ಉಗುರೇ ಮಡಿಚಿದರೆ ಅರ್ಧ ಬೆಲೆಯೂ ದುಬಾರಿ. ವಿದೇಶದ ಆನ್‌ಲೈನ್ ಅಂಗಡಿಯಲ್ಲಿ ಕಾಣುವ ಬೆಲೆಗೆ ಸಾಗಣೆ, ಕಸ್ಟಮ್ಸ್ ಸುಂಕ, ಅದರ ಮೇಲಿನ ತೆರಿಗೆ, ಕೊರಿಯರ್‌ನವರ ನಿರ್ವಹಣಾ ಶುಲ್ಕ ಸೇರಿಸಿ ನೋಡಿ. ಅಲ್ಲಿ ಉಳಿದದ್ದು ಇಲ್ಲಿ ಹೋಗುತ್ತದೆ. ಪಂದ್ಯದ ಹುಡುಗರು ಅಂಚು ಮಾಸಿತೆಂದು ಬೇಗನೆ ಬಿಚ್ಚಿ ಮಾರುವ ಟೈರುಗಳು ಮಾತ್ರ ಹಿಂದಿನ ಚಕ್ರಕ್ಕೆ ಒಳ್ಳೆಯ ವ್ಯಾಪಾರ. ಒಳಗಡೆಯಿಂದ ಬೆಳಕಿಗೆ ಹಿಡಿದು ತೂತು, ಕೊಯ್ತ ನೋಡಿಕೊಂಡು ತರಬೇಕು.

ಮುಂದಿನದನ್ನು ಯಾವಾಗ ಬದಲಿಸಬೇಕು ಎಂಬುದನ್ನು ನಡುವಿನ ಬಟನ್ ಹೇಳುವುದಿಲ್ಲ, ಪಕ್ಕದ ಸಾಲು ಹೇಳುತ್ತದೆ. ಬಟನ್ನನ್ನು ಬೆರಳಿನಿಂದ ಹೊರಕ್ಕೆ ಬಾಗಿಸಿದರೆ ಬುಡದಲ್ಲಿ ಕೂದಲೆಳೆಯ ಬಿರುಕು ಬಾಯಿ ಬಿಡುತ್ತದೆ. ಅದು ಕಂಡ ಮೇಲೆ ಬಟನ್ ಎತ್ತರ ಎಷ್ಟೇ ಉಳಿದಿರಲಿ, ತಿರುವಿನಲ್ಲಿ ಅದನ್ನು ನಂಬುವಂತಿಲ್ಲ. ನನ್ನ ಸೈಕಲ್ಲಿನ ಎಡಬದಿಯ ಸಾಲಿನಲ್ಲಿ ಈಗ ಅಂಥ ಬಿರುಕು ಶುರುವಾಗಿದೆ, ಮುಂಗಾರಿಗೆ ಮೊದಲೇ ಬದಲಿಸುತ್ತೇನೆ. ತಿಂಗಳಿಗೆ 1,250 ರೂಪಾಯಿಯಂತೆ ಟೈರಿಗೆಂದೇ ಕಟ್ಟುವ ಆರ್‌ಡಿ ಇದೆ, ಈ ತಿಂಗಳು ಅದರ ಅವಧಿ ಮುಗಿಯುತ್ತದೆ. ಮುಂದಿನ ಟೈರ್ ಕೊಂಡು ಉಳಿದದ್ದರಲ್ಲಿ ಹಿಂದಿನದಕ್ಕೂ ಆಗುತ್ತದೆ, ಸೀಲಂಟ್ ಬಾಟಲಿಗೂ ಆಗುತ್ತದೆ.